ಆರ್ತ್ವಾದ ಕೌಂಟ್ ಪದವಿ: 1302ರಲ್ಲಿ ಮೊಮ್ಮಗನನ್ನು ಬಿಟ್ಟು ಮಗಳಿಗೆ ಸಂದದ್ದು ಏಕೆ?

ವಂಶಾವಳಿ_ಓದುಗ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಉತ್ತರ ಫ್ರಾನ್ಸಿನ ಆರ್ತ್ವಾ ಸೀಮೆಯ ಕೌಂಟ್ ಪದವಿಯನ್ನು ಹೊಂದಿದ್ದವರ ಪಟ್ಟಿಯನ್ನು ಕಾಲಾನುಕ್ರಮದಲ್ಲಿ ಬರೆದುಕೊಳ್ಳುತ್ತಿದ್ದೇನೆ. 1302ರವರೆಗೆ ಯಾವ ತೊಡಕೂ ಇಲ್ಲ. ಆ ವರ್ಷ ಜುಲೈ 11ರಂದು ಎರಡನೆಯ ರಾಬರ್ಟ್ ಕೂರ್ತ್ರೆಯ ಯುದ್ಧದಲ್ಲಿ ಸತ್ತ. ಅವನ ಮಗ ಫಿಲಿಪ್ 1298ರಲ್ಲೇ ತೀರಿಕೊಂಡಿದ್ದ, ಆದರೆ ಆ ಫಿಲಿಪನ ಮಗ, ಮುಂದೆ ಮೂರನೆಯ ರಾಬರ್ಟ್ ಎಂದು ಕರೆಸಿಕೊಂಡವನು, ಹದಿನೈದರ ಹುಡುಗನಾಗಿ ಬದುಕಿದ್ದ. ಹಾಗಿದ್ದೂ ಪದವಿ ಈ ಮೊಮ್ಮಗನಿಗೆ ಬರದೆ, ಸತ್ತ ಕೌಂಟನ ಮಗಳಾದ ಮಹೋಳ ಪಾಲಾಯಿತು. ಗಂಡುಸಂತಾನಕ್ಕೆ ಮೊದಲ ಮನ್ನಣೆ ಎಂದು ನಾವು ಓದಿಕೊಂಡು ಬಂದಿರುವ ಕಾಲದಲ್ಲಿ ಇದು ಹೇಗೆ ಸಾಧ್ಯವಾಯಿತು?

ಇದಕ್ಕೆ ಹೊಂದಿಕೊಂಡಂತೆ ಇನ್ನೊಂದು ಸಂದೇಹವಿದೆ. ಮಹೋ ಕೌಂಟೆಸ್ ಆಗಿ ಹದಿನೈದು ವರ್ಷವೂ ತುಂಬುವ ಮೊದಲೇ, ಅಂದರೆ 1316–17ರಲ್ಲಿ, ಹತ್ತನೆಯ ಲೂಯಿಯ ಮಗಳು ಜೋನ್‌ಳನ್ನು ಬದಿಗೆ ಸರಿಸಿ ಅವಳ ಚಿಕ್ಕಪ್ಪ ಐದನೆಯ ಫಿಲಿಪ್ ಫ್ರಾನ್ಸಿನ ದೊರೆಯಾದ. ಒಂದೇ ರಾಜಮನೆತನದ ಸುತ್ತ ಒಂದು ಕಡೆ ಮಗಳಿಗೆ ಹಕ್ಕು, ಇನ್ನೊಂದು ಕಡೆ ಮಗಳಿಗೆ ನಿರಾಕರಣೆ. ಇವೆರಡನ್ನೂ ಒಟ್ಟಿಗೆ ಅರ್ಥಮಾಡಿಕೊಳ್ಳುವ ಬಗೆ ಯಾವುದು? ಬಲ್ಲವರು ದಯವಿಟ್ಟು ವಿವರಿಸಬೇಕು.

ಕಡತದ_ಕೋಣೆ:

ಪದವಿ ಹೇಗೆ ಹುಟ್ಟಿತು ಎಂಬುದನ್ನು ನೋಡಿಕೊಂಡರೆ ನಿಮ್ಮ ಮೊದಲ ಪ್ರಶ್ನೆಯ ಅರ್ಧ ಭಾಗ ತಾನಾಗಿ ಬಗೆಹರಿಯುತ್ತದೆ. ಆರ್ತ್ವಾ ಮೊದಲಿಗೆ ಫ್ಲಾಂಡರ್ಸ್ ಕೌಂಟರ ನಾಡಿನ ದಕ್ಷಿಣ ಭಾಗವಾಗಿತ್ತು. 1180ರಲ್ಲಿ ಫ್ಲಾಂಡರ್ಸಿನ ಕೌಂಟ್ ಫಿಲಿಪ್ ತನ್ನ ಸೋದರಿಯ ಮಗಳು ಇಸಾಬೆಲ್ಲಳನ್ನು ಫ್ರಾನ್ಸಿನ ಎರಡನೆಯ ಫಿಲಿಪ್‌ಗೆ ಮದುವೆ ಮಾಡಿಕೊಟ್ಟಾಗ ಈ ಪ್ರದೇಶವನ್ನು ವರದಕ್ಷಿಣೆಯಾಗಿ ಗೊತ್ತುಮಾಡಿದ. ಇಸಾಬೆಲ್ಲ 1190ರಲ್ಲಿ ಸತ್ತಳು, ಮರುವರ್ಷ ಆ ಕೌಂಟನೂ ಆಕ್ರೆಯ ಮುತ್ತಿಗೆಯ ಕಾಲದಲ್ಲಿ ತೀರಿಹೋದ, ಹೀಗಾಗಿ ನಾಡು ಇಸಾಬೆಲ್ಲಳ ಮಗ, ಮುಂದೆ ಎಂಟನೆಯ ಲೂಯಿಯಾದವನ ಕೈಗೆ ಬಂತು. ಅಂದರೆ ಆರ್ತ್ವಾ ಫ್ರಾನ್ಸಿನ ರಾಜಮನೆತನಕ್ಕೆ ಒಲಿದು ಬಂದದ್ದೇ ಒಬ್ಬ ಹೆಣ್ಣುಮಗಳ ಮೂಲಕ.

ಎಂಟನೆಯ ಲೂಯಿ 1225ರ ತನ್ನ ಮರಣಶಾಸನದಲ್ಲಿ ಹಿರಿಯ ಮಗನಿಗೆ ಸಿಂಹಾಸನವನ್ನು ಬಿಟ್ಟು, ಎರಡನೆಯ ಮಗ ರಾಬರ್ಟನಿಗೆ ಆರ್ತ್ವಾವನ್ನು ಬರೆದಿಟ್ಟ. ಕಿರಿಯ ರಾಜಕುಮಾರರ ನಿರ್ವಹಣೆಗಾಗಿ ಹೀಗೆ ಬಿಟ್ಟುಕೊಡುತ್ತಿದ್ದ ಸೀಮೆಗೆ ಅಪನಾಜ್ ಎಂದು ಹೆಸರು. ರಾಬರ್ಟ್ ಪ್ರಾಪ್ತ ವಯಸ್ಸಿಗೆ ಬಂದ ಮೇಲೆ, 1237ರಲ್ಲಿ, ಅಣ್ಣ ಒಂಬತ್ತನೆಯ ಲೂಯಿ ಅವನಿಗೆ ನೈಟ್ ದೀಕ್ಷೆ ಕೊಡಿಸಿ ಕೌಂಟ್ ಪದವಿಯನ್ನು ವಿಧಿವತ್ತಾಗಿ ಒಪ್ಪಿಸಿದ. ಆ ಮನೆತನದ ಲಾಂಛನವನ್ನೇ ನೋಡಿ: ನೀಲಿ ನೆಲದ ಮೇಲೆ ಫ್ರಾನ್ಸಿನ ಚಿನ್ನದ ಲಿಲ್ಲಿ ಹೂಗಳು, ಅವುಗಳ ಮೇಲ್ಭಾಗದಲ್ಲಿ ಮೂರು ಎಳೆಗಳು ಇಳಿಬಿದ್ದ ಕೆಂಪು ಪಟ್ಟಿ, ಪ್ರತಿ ಎಳೆಯಲ್ಲೂ ಮೂರು ಮೂರು ಚಿನ್ನದ ಕೋಟೆಗಳು. ಲಿಲ್ಲಿ ತಂದೆಯ ಕಡೆಯದು, ಕೋಟೆಗಳು ತಾಯಿ ಕ್ಯಾಸ್ಟೀಲಿನ ಬ್ಲಾಂಶ್‌ಳ ಕಡೆಯವು. ಕೆಂಪು ಪಟ್ಟಿ ಕಿರಿಯ ಶಾಖೆಯ ಗುರುತು.

ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಸಂತಾನವಿಲ್ಲದಿದ್ದರೆ ಸೀಮೆ ಅರಸನಿಗೆ ಮರಳಬೇಕು ಎಂಬುದಷ್ಟೇ ಆ ಕಾಲದ ಅಪನಾಜಿನ ಷರತ್ತಾಗಿತ್ತು, ಸಂತಾನ ಗಂಡೇ ಆಗಿರಬೇಕೆಂಬ ಕಟ್ಟು ಇನ್ನೂ ಬಂದಿರಲಿಲ್ಲ. ಅಂಥ ಸ್ಪಷ್ಟ ಕಟ್ಟನ್ನು ಹಾಕಿದವನು ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪ್, ಅದೂ 1314ರಲ್ಲಿ, ತನ್ನ ಮಗನಿಗೆ ಕೊಟ್ಟಿದ್ದ ಪ್ವಾತಿಯೆ ಸೀಮೆಯ ವಿಷಯದಲ್ಲಿ. ಆರ್ತ್ವಾ ಅದಕ್ಕಿಂತ ಹಳೆಯ ದಾನವಾದ್ದರಿಂದ ಮಹೋ ಹೆಣ್ಣೆಂಬ ಕಾರಣಕ್ಕೆ ಯಾರೂ ಅವಳನ್ನು ತಡೆಯುವಂತಿರಲಿಲ್ಲ.

ಆದರೆ ಮೊಮ್ಮಗನಿದ್ದನಲ್ಲ ಎಂಬುದು ನಿಮ್ಮ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಆ ಸೀಮೆಯ ರೂಢಿಗತ ಕಾನೂನಿನಲ್ಲಿದೆ. ಮಗ ತಂದೆಗಿಂತ ಮೊದಲೇ ಸತ್ತರೆ, ಮೊಮ್ಮಗ ತನ್ನ ತಂದೆಯ ಸ್ಥಾನದಲ್ಲಿ ನಿಂತು ತಾತನ ಆಸ್ತಿಗೆ ಹಕ್ಕು ಹೇಳಬಹುದೇ? ಫ್ರಾನ್ಸಿನ ಅನೇಕ ಸೀಮೆಗಳಲ್ಲಿ ಹೇಳಬಹುದಾಗಿತ್ತು. ಆರ್ತ್ವಾದಲ್ಲಿ ಆ ಹಕ್ಕು ಇರಲಿಲ್ಲ. ಅಲ್ಲಿ ಸತ್ತವನಿಗೆ ತಲೆಮಾರಿನಲ್ಲಿ ಅತಿ ಹತ್ತಿರ ಇರುವವರೇ ವಾರಸುದಾರರು. ಎರಡನೆಯ ರಾಬರ್ಟ್‌ನಿಂದ ಮಗಳು ಒಂದು ಮೆಟ್ಟಿಲು ದೂರ, ಮೊಮ್ಮಗ ಎರಡು ಮೆಟ್ಟಿಲು ದೂರ. ಇಷ್ಟೇ ಲೆಕ್ಕ. 1298ರಲ್ಲಿ ಫಿಲಿಪ್ ಯುದ್ಧದ ಗಾಯದಿಂದ ಸಾಯದೆ ಇನ್ನೊಂದು ನಾಲ್ಕು ವರ್ಷ ಬದುಕಿದ್ದರೆ ಅವನೇ ಕೌಂಟ್ ಆಗುತ್ತಿದ್ದ, ಅವನ ನಂತರ ಅವನ ಮಗ, ಮಹೋಳ ಹೆಸರು ಈ ಪಟ್ಟಿಗೆ ಬರುತ್ತಲೇ ಇರಲಿಲ್ಲ.

ಹುಡುಗ ಬೆಳೆದು ದೊಡ್ಡವನಾದ ಮೇಲೆ ದಾವೆ ಹೂಡಿದ. 1309ರಲ್ಲಿ ನಾಲ್ಕನೆಯ ಫಿಲಿಪ್ ಮಹೋಳ ಪರವಾಗಿ ತೀರ್ಪು ಕೊಟ್ಟು, ಹುಡುಗನಿಗೆ ಪರಿಹಾರವಾಗಿ ನಾರ್ಮಂಡಿಯ ಬೊಮೋಂ-ಲ-ರೊಜೆ ಸೀಮೆಯನ್ನು ಗೊತ್ತುಮಾಡಿದ. 1318ರಲ್ಲಿ ಐದನೆಯ ಫಿಲಿಪನ ಕಾಲದಲ್ಲಿ ಅದೇ ತೀರ್ಪು ಮತ್ತೆ ಗಟ್ಟಿಯಾಯಿತು.

ಸಿಂಹಾಸನ_ಚರ್ಚೆ:

ಕಾನೂನಿನ ಬಗ್ಗೆ ಕಡತದ_ಕೋಣೆ ಅವರು ಬರೆದಿರುವುದು ಸರಿಯಾಗಿಯೇ ಇದೆ, ಆದರೂ ತೀರ್ಪನ್ನು ಕೊಟ್ಟವರು ಯಾರಿಗೆ ಏನಾಗಬೇಕು ಎಂಬುದನ್ನು ಪಕ್ಕಕ್ಕಿಟ್ಟು ಈ ವ್ಯಾಜ್ಯವನ್ನು ಓದಬಾರದು ಎಂಬುದು ನನ್ನ ಅಭಿಪ್ರಾಯ. ಮಹೋ ಬರ್ಗಂಡಿ ಕೌಂಟಿಯ, ಅಂದರೆ ಇಂದು ಫ್ರಾಂಶ್-ಕೋಂತೆ ಎನ್ನುವ ಸೀಮೆಯ ಒಡೆಯ ನಾಲ್ಕನೆಯ ಓಟೋನ ಹೆಂಡತಿ. ಅವಳ ಇಬ್ಬರು ಹೆಣ್ಣುಮಕ್ಕಳೂ ನಾಲ್ಕನೆಯ ಫಿಲಿಪನ ಸೊಸೆಯಂದಿರು: ಹಿರಿಯವಳು ಜೋನ್ ಎರಡನೆಯ ಮಗ, ಮುಂದೆ ಐದನೆಯ ಫಿಲಿಪ್ ಆದವನಿಗೆ, ಕಿರಿಯವಳು ಬ್ಲಾಂಶ್ ಮೂರನೆಯ ಮಗ ಚಾರ್ಲ್ಸ್‌ಗೆ. ಆರ್ತ್ವಾ ಮಹೋಳ ಕೈಯಲ್ಲಿದ್ದರೆ ಮುಂದೊಂದು ದಿನ ಅದು ಅರಸನ ಮೊಮ್ಮಕ್ಕಳಿಗೆ ಸೇರಬಹುದು, ಹುಡುಗ ರಾಬರ್ಟನ ಕೈ ಸೇರಿದರೆ ಆ ದಾರಿ ಮುಚ್ಚಿಹೋಗುತ್ತದೆ. 1318ರಲ್ಲಂತೂ ತೀರ್ಪು ಹೊರಟದ್ದು ಮಹೋಳ ಸ್ವಂತ ಅಳಿಯನ ಆಳ್ವಿಕೆಯಲ್ಲಿ. ರೂಢಿ ಮಹೋಳ ಪರವಾಗಿತ್ತು ನಿಜ, ಆದರೆ ಅದನ್ನು ಅಷ್ಟು ನಿಷ್ಠೆಯಿಂದ ಎತ್ತಿಹಿಡಿಯುವ ಆಸಕ್ತಿ ಅರಮನೆಗೂ ಇತ್ತು.

ಇನ್ನು ಸಿಂಹಾಸನದ ವಿಚಾರ. 1316ರ ಜೂನಿನಲ್ಲಿ ಹತ್ತನೆಯ ಲೂಯಿ ಸತ್ತಾಗ ರಾಣಿ ಗರ್ಭಿಣಿ. ನವೆಂಬರಿನಲ್ಲಿ ಹುಟ್ಟಿದ ಗಂಡುಮಗು, ಮೊದಲನೆಯ ಜಾನ್, ಐದೇ ದಿನ ಬದುಕಿತ್ತು. ಉಳಿದವಳು ಲೂಯಿಯ ಮೊದಲ ಹೆಂಡತಿಯ ಮಗಳು ಜೋನ್, ಇನ್ನೂ ಎಳೆಯ ಹುಡುಗಿ. ಐದನೆಯ ಫಿಲಿಪ್ ಅವಳನ್ನು ಕಾಯದೆ 1317ರ ಜನವರಿ 9ರಂದು ರಾಂಸ್‌ನಲ್ಲಿ ಕಿರೀಟ ಧರಿಸಿದ. ಹೆಣ್ಣು ಫ್ರಾನ್ಸಿನ ರಾಜ್ಯಕ್ಕೆ ಉತ್ತರಾಧಿಕಾರಿಣಿಯಾಗಲಾರಳು ಎಂಬ ಘೋಷಣೆ ಪ್ಯಾರಿಸಿನ ಸಭೆಯಲ್ಲಿ ಹೊರಬಿದ್ದದ್ದು ಅದರ ಮರುತಿಂಗಳು. ಅಂದರೆ ಪಟ್ಟಾಭಿಷೇಕ ಮೊದಲು, ನಿಯಮ ಆಮೇಲೆ. ಈ ಕ್ರಮವನ್ನು ನಾವು ಮರೆಯಬಾರದು.

ಆ ಪಟ್ಟಾಭಿಷೇಕದಲ್ಲಿ ಮಹೋ ಕೂಡ ಇದ್ದಳು. ಆರ್ತ್ವಾ 1297ರಲ್ಲಿ ಪಿಯರ್ ಪದವಿಗೆ ಏರಿದ್ದರಿಂದ, ಅರಸನ ಕಿರೀಟಕ್ಕೆ ಕೈಯಾಸರೆ ಕೊಡುವ ರಾಜ್ಯದ ಪ್ರಧಾನ ಶ್ರೀಮಂತರ ಸಾಲಿನಲ್ಲಿ ನಿಲ್ಲುವ ಅಧಿಕಾರ ಅವಳಿಗಿತ್ತು, ಹೆಂಗಸೊಬ್ಬಳು ಆ ಸಾಲಿನಲ್ಲಿ ನಿಂತದ್ದನ್ನು ಕಂಡು ಕೆಲವರು ಅಸಮಾಧಾನಗೊಂಡರು. ತಂದೆಯ ಪದವಿಯನ್ನು ಮಗಳಾಗಿ ಪಡೆದ ಮಹೋ, ಮಗಳೊಬ್ಬಳ ಹಕ್ಕನ್ನು ದಾಟಿಹೋದ ಅರಸನ ಕಿರೀಟಕ್ಕೆ ಕೈಕೊಟ್ಟಳು. ಕಿರೀಟ ಏರುತ್ತಿದ್ದುದು ತನ್ನ ಅಳಿಯನ ತಲೆಗೆ, ಪಕ್ಕದಲ್ಲಿ ರಾಣಿಯಾಗುತ್ತಿದ್ದವಳು ತನ್ನ ಮಗಳು.

ಪುಟ್ಟ ಜೋನ್‌ಳ ಪರವಾಗಿ ಗಟ್ಟಿಯಾಗಿ ದನಿಯೆತ್ತಿದವನು ಅವಳ ಸೋದರಮಾವ, ಬರ್ಗಂಡಿಯ ಡ್ಯೂಕ್ ನಾಲ್ಕನೆಯ ಯೂಡ್. 1318ರಲ್ಲಿ ಐದನೆಯ ಫಿಲಿಪ್ ತನ್ನ ಹಿರಿಯ ಮಗಳನ್ನು ಅವನಿಗೆ ಮದುವೆ ಮಾಡಿಕೊಟ್ಟ. ಆರ್ತ್ವಾ ಮತ್ತು ಫ್ರಾಂಶ್-ಕೋಂತೆ ಎರಡಕ್ಕೂ ಮುಂದೆ ವಾರಸುದಾರಳಾಗಬೇಕಾಗಿದ್ದವಳು ಆ ಮಗಳೇ. ಡ್ಯೂಕನ ವಿರೋಧ ಅಲ್ಲಿಗೆ ನಿಂತಿತು. ಆರ್ತ್ವಾದಲ್ಲಿ ಹೆಣ್ಣಿಗೆ ಹಕ್ಕಿದೆ ಎಂಬ ನಿಯಮವೇ, ಸಿಂಹಾಸನದಲ್ಲಿ ಹೆಣ್ಣಿಗೆ ಹಕ್ಕಿಲ್ಲ ಎಂಬ ನಿಯಮವನ್ನು ನೆಲೆಗೊಳಿಸಲು ಒದಗಿದ ಹಣವಾಯಿತು. ಎರಡನ್ನೂ ಒಟ್ಟಿಗೆ ಅರ್ಥಮಾಡಿಕೊಳ್ಳುವುದು ಹೇಗೆಂದು ನೀವು ಕೇಳಿದ್ದೀರಿ. ನನ್ನ ಮಟ್ಟಿಗೆ ಉತ್ತರ ಈ 1318ರ ಮದುವೆಯಲ್ಲಿದೆ.

ವಂಶಾವಳಿ_ಓದುಗ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರನೆಯ ರಾಬರ್ಟ್ 1318ರ ನಂತರವೂ ಪಟ್ಟು ಬಿಡದೆ ಸುಳ್ಳು ಪತ್ರಗಳನ್ನು ಹಾಜರುಪಡಿಸಿದನೆಂದೂ, ಇಂಗ್ಲೆಂಡ್ ಮತ್ತು ಫ್ರಾನ್ಸಿನ ದೀರ್ಘ ಯುದ್ಧಕ್ಕೆ ಅವನೇ ಕಾರಣನೆಂದೂ ಓದಿದ ನೆನಪು. ಇದರಲ್ಲಿ ಎಷ್ಟು ನಿಜ? ಹಾಗೆಯೇ, ಪದವಿ ಕೊನೆಗೆ ಹ್ಯಾಬ್ಸ್‌ಬರ್ಗ್ ಮನೆತನಕ್ಕೆ ಹೋದದ್ದು ಯಾವ ದಾರಿಯಿಂದ ಎಂಬುದನ್ನೂ ತಿಳಿಸಿದರೆ ನನ್ನ ಪಟ್ಟಿ ಪೂರ್ಣವಾಗುತ್ತದೆ.

ಮುದ್ರೆ_ಮತ್ತು_ಮಸಿ:

ಸುಳ್ಳು ಪತ್ರಗಳ ಪ್ರಕರಣ ಸಂಪೂರ್ಣ ನಿಜ, ಮತ್ತು ಇಡೀ ವ್ಯಾಜ್ಯದಲ್ಲಿ ನನ್ನನ್ನು ಹೆಚ್ಚು ಕಾಡುವ ಭಾಗವೂ ಅದೇ.

1328ರಲ್ಲಿ ಆರನೆಯ ಫಿಲಿಪ್ ದೊರೆಯಾದಾಗ ರಾಬರ್ಟನ ದೆಸೆ ತಿರುಗಿತು. ಹೊಸ ದೊರೆಯ ಮಲತಂಗಿಯೇ ರಾಬರ್ಟನ ಹೆಂಡತಿ, ಫಿಲಿಪ್ ಪಟ್ಟಕ್ಕೆ ಬರಲು ರಾಬರ್ಟ್ ಬಲವಾಗಿ ಒತ್ತಾಸೆಯಾಗಿ ನಿಂತಿದ್ದ. ಹಳೆಯ ಎರಡು ತೀರ್ಪುಗಳನ್ನು ಮೀರಬೇಕಾದರೆ ಹೊಸ ಪುರಾವೆ ಬೇಕು. ಹೀಗಾಗಿ, ತನ್ನ ತಂದೆ ಫಿಲಿಪ್ ಮತ್ತು ತಾಯಿ ಬ್ರಿಟನಿಯ ಬ್ಲಾಂಶ್‌ರ ಮದುವೆಯ ಸಂದರ್ಭದಲ್ಲಿಯೇ ತಾತ ಆರ್ತ್ವಾವನ್ನು ಆ ದಂಪತಿಗಳಿಗೂ ಅವರ ಸಂತಾನಕ್ಕೂ ಬರೆದುಕೊಟ್ಟಿದ್ದನೆಂದೂ, ಆ ಪತ್ರವನ್ನು ಮಹೋಳ ಆಪ್ತ ಸಲಹೆಗಾರ ತಿಯೆರಿ ದಿರ್ಸೋಂ ಬಚ್ಚಿಟ್ಟಿದ್ದನೆಂದೂ ರಾಬರ್ಟ್ ವಾದಿಸಿದ. ಇದು ಸುಲಭವಾಗಿ ನಂಬಿಕೆ ಹುಟ್ಟಿಸುವ ಕಥೆ. ತಿಯೆರಿಯ ಮೇಲೆ ಆರ್ತ್ವಾದ ಶ್ರೀಮಂತರಿಗೆ ಹಳೆಯ ಸಿಟ್ಟಿತ್ತು, 1314ರ ನಂತರ ಅವರು ಕೂಟ ಕಟ್ಟಿಕೊಂಡು ಮಹೋಳ ವಿರುದ್ಧ ದಂಗೆಯೆದ್ದದ್ದಕ್ಕೆ ಅವನ ಆಡಳಿತವೂ ಒಂದು ಕಾರಣ. ಅವನು ಅರಾಸ್‌ನ ಬಿಷಪ್ ಆಗಿ 1328ರಲ್ಲಿ ಸತ್ತಿದ್ದ, ಬಂದು ಅಲ್ಲಗಳೆಯುವಂತಿರಲಿಲ್ಲ. 1329ರ ನವೆಂಬರಿನಲ್ಲಿ ಮಹೋಳೂ, ಎರಡು ತಿಂಗಳೊಳಗೆ ಅವಳ ಮಗಳು ಜೋನ್‌ಳೂ ತೀರಿಕೊಂಡರು. ಹಕ್ಕು ಜೋನ್‌ಳ ಮಗಳಿಗೆ, ಅಂದರೆ ಮೇಲೆ ಹೇಳಿದ ಡ್ಯೂಕ್ ಯೂಡನ ಹೆಂಡತಿಗೆ, ಬಂತು.

ಪತ್ರಗಳನ್ನು ಸಿದ್ಧಪಡಿಸಿದ ಕೆಲಸದ ನಡುವೆ ಇದ್ದವಳು ಜೋನ್ ದ ದಿವಿಯೋಂ ಎಂಬ ಹೆಂಗಸು, ಒಂದು ಕಾಲಕ್ಕೆ ತಿಯೆರಿಗೆ ಆಪ್ತಳಾಗಿದ್ದವಳು. ಆ ಕಾಲದಲ್ಲಿ ಪತ್ರಕ್ಕೆ ಬೆಲೆ ಬರುತ್ತಿದ್ದುದು ಸಹಿಯಿಂದಲ್ಲ, ತೂಗುಹಾಕಿದ ಮೇಣದ ಮುದ್ರೆಯಿಂದ. ಸತ್ತ ಕೌಂಟನ ಮುದ್ರೆಯನ್ನು ಹೊಸದಾಗಿ ಒತ್ತಲು ಅಚ್ಚು ಸಿಗುವುದಿಲ್ಲ. ಆದ್ದರಿಂದ ಅವನದೇ ನಿಜವಾದ ಹಳೆಯ ಪತ್ರವೊಂದನ್ನು ಸಂಪಾದಿಸಿ, ಅದರ ಮೇಣವನ್ನು ಒಡೆಯದ ಹಾಗೆ ಬಿಡಿಸಿ, ಹೊಸ ಚರ್ಮದ ಹಾಳೆಗೆ ಮತ್ತೆ ಅಂಟಿಸಿದರು. ಮುದ್ರೆ ಅಸಲಿ, ಬರೆಹ ನಕಲಿ. ಪರಿಶೀಲನೆಗೆ ಒಳಪಡಿಸಿದಾಗ ಇದು ನಿಲ್ಲಲಿಲ್ಲ, ಬರೆದವರೂ ಬರೆಸಿದವರೂ ಒಬ್ಬೊಬ್ಬರಾಗಿ ಬಾಯಿಬಿಟ್ಟರು. 1331ರಲ್ಲಿ ಪತ್ರಗಳು ಸುಳ್ಳೆಂದು ನಿರ್ಣಯವಾಯಿತು, ಅದೇ ವರ್ಷ ಅಕ್ಟೋಬರಿನಲ್ಲಿ ದಿವಿಯೋಂಳನ್ನು ಪ್ಯಾರಿಸಿನಲ್ಲಿ ಸುಟ್ಟರು. ರಾಬರ್ಟನಿಗೆ 1332ರಲ್ಲಿ ಗಡಿಪಾರು ಮತ್ತು ಆಸ್ತಿ ಮುಟ್ಟುಗೋಲು. ಲಾಭ ಪಡೆಯಬೇಕಾಗಿದ್ದವನು ದೇಶ ಬಿಟ್ಟು ಹೋದ, ಅವನಿಗಾಗಿ ಕೆಲಸ ಮಾಡಿದವಳು ಚಿತೆಯೇರಿದಳು. ಇದನ್ನು ಓದುವಾಗಲೆಲ್ಲ ನನಗೆ ಬೇಸರವಾಗುತ್ತದೆ.

ಯುದ್ಧಕ್ಕೆ ರಾಬರ್ಟನೇ ಕಾರಣ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಅವನು ಇಂಗ್ಲೆಂಡಿನ ಮೂರನೆಯ ಎಡ್ವರ್ಡ್‌ನ ಆಶ್ರಯ ಪಡೆದ, ಆರನೆಯ ಫಿಲಿಪ್ ಅವನನ್ನು ಒಪ್ಪಿಸುವಂತೆ ಕೇಳಿದ, ಎಡ್ವರ್ಡ್ ಒಪ್ಪಿಸಲಿಲ್ಲ. 1337ರ ಮೇ 24ರಂದು ಎಡ್ವರ್ಡ್ ಫ್ರಾನ್ಸಿನ ನೈಋತ್ಯದಲ್ಲಿ ಹೊಂದಿದ್ದ ಗುಯೆನ್ ಸೀಮೆಯನ್ನು ಫಿಲಿಪ್ ಮುಟ್ಟುಗೋಲು ಹಾಕಿಕೊಂಡಾಗ, ತನ್ನ ಕಡುವೈರಿಗೆ ಆಶ್ರಯ ಕೊಟ್ಟದ್ದನ್ನು ಎಡ್ವರ್ಡ್‌ನ ಅಪರಾಧವೆಂದು ಎತ್ತಿ ಹೇಳಿದ. ಆದರೆ ಗುಯೆನ್‌ಗಾಗಿ ಇಬ್ಬರು ಅರಸರ ನಡುವೆ ತಿಕ್ಕಾಟ ನಡೆಯುತ್ತಿದ್ದುದು ರಾಬರ್ಟ್ ಹುಟ್ಟುವ ಮೊದಲಿನಿಂದ, ಜೊತೆಗೆ ಸ್ಕಾಟ್ಲೆಂಡಿಗೆ ಫ್ರಾನ್ಸ್ ಕೊಡುತ್ತಿದ್ದ ಬೆಂಬಲವೂ ಇತ್ತು. ರಾಬರ್ಟ್ ಸಿಕ್ಕಿದ ನೆಪ, ಬೇರು ಅಲ್ಲ.

1340ರಲ್ಲಿ ಅವನು ಫ್ಲಾಂಡರ್ಸಿನ ಪಡೆಯನ್ನು ಕರೆದುಕೊಂಡು ತನ್ನ ತಾತನ ಊರುಗಳಲ್ಲೊಂದಾದ ಸೇಂತ್-ಒಮೆರ್ ಮೇಲೆ ಹೋಗಿ ಸೋತ. ಎರಡು ವರ್ಷಗಳ ಬಳಿಕ ಬ್ರಿಟನಿಯಲ್ಲಿ, ವಾನ್ ಪಟ್ಟಣಕ್ಕಾಗಿ ನಡೆದ ಕಾದಾಟದಲ್ಲಿ ಆದ ಗಾಯದಿಂದ ಸತ್ತ. ಬ್ರಿಟನಿಯ ಆ ವ್ಯಾಜ್ಯ ಯಾವುದೆಂದು ಸ್ವಲ್ಪ ನಿಂತು ನೋಡಬೇಕು. 1341ರಲ್ಲಿ ಡ್ಯೂಕ್ ಮೂರನೆಯ ಜಾನ್ ಮಕ್ಕಳಿಲ್ಲದೆ ಸತ್ತ. ಅವನ ಸತ್ತ ತಮ್ಮನ ಮಗಳು ತಂದೆಯ ಸ್ಥಾನದಲ್ಲಿ ನಿಂತು ಪದವಿ ಕೇಳಿದಳು. ಬದುಕಿದ್ದ ಮಲತಮ್ಮ ಮೋಂಫೋರ್‌ನ ಜಾನ್, ತಾನೇ ಹತ್ತಿರದವನೆಂದು ಕೇಳಿದ. ಆರನೆಯ ಫಿಲಿಪನ ತೀರ್ಪು ಆ ಮಗಳ ಕಡೆಗೆ ಬಿತ್ತು, ಅವಳ ಗಂಡ ದೊರೆಯ ಸೋದರಳಿಯ. ಎಡ್ವರ್ಡ್ ಮೋಂಫೋರ್‌ನ ಕಡೆ ನಿಂತ, ಅವನ ದಂಡಿನ ಜೊತೆ ರಾಬರ್ಟನೂ ಹೋದ. ಸತ್ತ ತಂದೆಯ ಸ್ಥಾನದಲ್ಲಿ ಮಗನಿಗೆ ನಿಲ್ಲುವ ಹಕ್ಕಿದೆ ಎಂದು ಬದುಕಿಡೀ ವಾದಿಸಿದ ಮನುಷ್ಯ, ಆ ಹಕ್ಕನ್ನು ಅಲ್ಲಗಳೆದವನ ಪರವಾಗಿ ಹೋರಾಡಿ ಪ್ರಾಣ ಬಿಟ್ಟ.

ಅವನ ಮಕ್ಕಳಿಗೆ ಆರ್ತ್ವಾ ಹೆಸರಾಗಿ ಮಾತ್ರ ಉಳಿಯಿತು. ಮಗ ಜಾನ್‌ಗೆ 1352ರಲ್ಲಿ ನಾರ್ಮಂಡಿಯ ಎಯು ಎಂಬ ಸಣ್ಣ ಕೌಂಟಿ ಸಿಕ್ಕಿತು, ಆ ಶಾಖೆಯ ಕೊನೆಯವನಾದ ಚಾರ್ಲ್ಸ್ 1415ರಲ್ಲಿ ಆಜಿನ್‌ಕೂರ್ ಯುದ್ಧದಲ್ಲಿ ಸೆರೆಸಿಕ್ಕಿ 1438ರವರೆಗೆ ಇಂಗ್ಲೆಂಡಿನಲ್ಲಿ ಬಂಧನದಲ್ಲಿದ್ದ.

ಕಡತದ_ಕೋಣೆ:

ಮುಂದಿನ ಭಾಗವನ್ನು ನಾನು ಪೂರೈಸುತ್ತೇನೆ. ಯೂಡನ ಹೆಂಡತಿ ಮೂರನೆಯ ಜೋನ್ 1347ರಲ್ಲಿ ಸತ್ತಾಗ ಅವಳ ಮಗ ಮೊದಲೇ ಹೋಗಿದ್ದರಿಂದ ಎಳೆಯ ಮೊಮ್ಮಗ ರೂವ್ರ್‌ನ ಫಿಲಿಪ್ ಕೌಂಟ್ ಆದ. 1361ರಲ್ಲಿ ಅವನು ಹದಿಹರೆಯದಲ್ಲೇ, ಮಕ್ಕಳಿಲ್ಲದೆ ತೀರಿಕೊಂಡ. ಆಗ ನಡೆದ ವಿಭಜನೆ ನೋಡುವಂಥದ್ದು: ಯಾವ ಸೀಮೆ ಯಾವ ಕಡೆಯಿಂದ ಬಂದಿತ್ತೋ ಆ ಕಡೆಯ ಹತ್ತಿರದ ರಕ್ತಸಂಬಂಧಿಗೇ ಅದು ಹೋಯಿತು. ಬರ್ಗಂಡಿಯ ಡ್ಯೂಕ್ ಪದವಿ ದೊರೆ ಎರಡನೆಯ ಜಾನ್‌ಗೆ, ಆರ್ತ್ವಾ ಮತ್ತು ಫ್ರಾಂಶ್-ಕೋಂತೆ ಮಾತ್ರ ಹುಡುಗನ ಅಜ್ಜಿಯ ತಂಗಿ, ಐದನೆಯ ಫಿಲಿಪನ ಇನ್ನೊಬ್ಬ ಮಗಳು ಮಾರ್ಗರೆಟ್‌ಗೆ. ಅವಳು ಕ್ರೆಸಿ ಯುದ್ಧದಲ್ಲಿ ಸತ್ತ ಫ್ಲಾಂಡರ್ಸ್ ಕೌಂಟನ ವಿಧವೆ. 1382ರಲ್ಲಿ ಅವಳ ಮಗ ಮಾಲ್‌ನ ಲೂಯಿ ಆರ್ತ್ವಾವನ್ನು ಪಡೆದಾಗ, ಎರಡು ಶತಮಾನಗಳ ಹಿಂದೆ ಬೇರೆಯಾದ ಸೀಮೆ ಮತ್ತೆ ಫ್ಲಾಂಡರ್ಸ್ ಒಡೆಯನ ಕೈಸೇರಿತು. 1384ರಲ್ಲಿ ಲೂಯಿ ಸತ್ತು ಅವನ ಮಗಳು ಮಾರ್ಗರೆಟ್ ವಾರಸುದಾರಳಾದಳು. ಅವಳ ಗಂಡ ಬರ್ಗಂಡಿಯ ಹೊಸ ಡ್ಯೂಕ್ ಧೀರ ಫಿಲಿಪ್. ಅಲ್ಲಿಂದ ನಿರ್ಭೀತ ಜಾನ್, ಸಜ್ಜನ ಫಿಲಿಪ್, ಸಾಹಸಿ ಚಾರ್ಲ್ಸ್ ಎಂಬ ಡ್ಯೂಕರೇ ಆರ್ತ್ವಾದ ಕೌಂಟರು.

ಈ ಡ್ಯೂಕರ ಕಾಲದಲ್ಲಿ ಪ್ರಸಿದ್ಧವಾದ ಎದಾಂ ಕೋಟೆಯ ಉದ್ಯಾನವನ್ನು ಕಟ್ಟಿಸಿದವನು ಕೂರ್ತ್ರೆಯಲ್ಲಿ ಸತ್ತ ಎರಡನೆಯ ರಾಬರ್ಟನೇ. ಅಲ್ಲಿ ತುಪ್ಪಳ ಹೊದಿಸಿದ ಯಾಂತ್ರಿಕ ಕೋತಿಗಳಿದ್ದವು. ಮಹೋ ಅವುಗಳ ದುರಸ್ತಿಯನ್ನು ನಡೆಸಿಕೊಂಡು ಬಂದಳು. ಸಜ್ಜನ ಫಿಲಿಪ್ 1433ರಲ್ಲಿ ಎಲ್ಲವನ್ನೂ ಹೊಸದು ಮಾಡಿಸಿ, ಬಂದ ಅತಿಥಿಗಳ ಮೇಲೆ ನೀರು ಚಿಮ್ಮಿಸುವ, ಹಿಟ್ಟು ಎರಚುವ ಯಂತ್ರಗಳನ್ನು ಇರಿಸಿದ. 1553ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಸೈನ್ಯ ಆ ಊರನ್ನು ನೆಲಸಮ ಮಾಡಿತು, ಇಂದಿನ ಎದಾಂ ಕೆಲವೇ ಕಿಲೋಮೀಟರ್ ಆಚೆ ಹೊಸದಾಗಿ ಕಟ್ಟಿದ ಊರು.

1477ರಲ್ಲಿ ನಾನ್ಸಿಯಲ್ಲಿ ಸಾಹಸಿ ಚಾರ್ಲ್ಸ್ ಸತ್ತಾಗ ಉಳಿದವಳು ಒಬ್ಬಳೇ ಮಗಳು ಮೇರಿ. ಬರ್ಗಂಡಿಯ ಡ್ಯೂಕ್ ಪದವಿ ಗಂಡುಸಂತಾನವಿಲ್ಲದ್ದರಿಂದ ತನಗೆ ಮರಳಿತೆಂದು ಹನ್ನೊಂದನೆಯ ಲೂಯಿ ವಾದಿಸಲು ಒಂದು ಆಧಾರವಾದರೂ ಇತ್ತು. ಆರ್ತ್ವಾದಲ್ಲಿ ಆ ವಾದಕ್ಕೆ ನೆಲೆಯೇ ಇರಲಿಲ್ಲ, ಅಲ್ಲಿ 1302ರಿಂದಲೂ ಪದವಿ ಮತ್ತೆ ಮತ್ತೆ ಹೆಣ್ಣುಮಕ್ಕಳ ಮೂಲಕವೇ ಸಾಗಿ ಬಂದಿತ್ತು. ಲೂಯಿ ಬಲದಿಂದ ಹಿಡಿದ. 1479ರಲ್ಲಿ ಅರಾಸ್‌ನ ನಿವಾಸಿಗಳನ್ನೇ ಹೊರಹಾಕಿ ಊರಿಗೆ ಫ್ರಾಂಶೀಸ್ ಎಂದು ಹೆಸರು ಬದಲಿಸಿದ. ಮೇರಿ ಹ್ಯಾಬ್ಸ್‌ಬರ್ಗಿನ ಮ್ಯಾಕ್ಸಿಮಿಲಿಯನ್‌ನನ್ನು ಮದುವೆಯಾಗಿ 1482ರಲ್ಲಿ ಸತ್ತಳು. ಅದೇ ವರ್ಷದ ಅರಾಸ್ ಒಪ್ಪಂದದಲ್ಲಿ ಅವಳ ಪುಟ್ಟ ಮಗಳು ಮಾರ್ಗರೆಟ್‌ಳನ್ನು ಫ್ರಾನ್ಸಿನ ಯುವರಾಜನಿಗೆ ನಿಶ್ಚಯಿಸಿ, ಆರ್ತ್ವಾವನ್ನು 1180ರಂತೆಯೇ ವರದಕ್ಷಿಣೆಯಾಗಿ ಗೊತ್ತುಮಾಡಿದರು. ಆದರೆ ಆ ಯುವರಾಜ ಎಂಟನೆಯ ಚಾರ್ಲ್ಸ್ ಆದ ಮೇಲೆ 1491ರಲ್ಲಿ ಬ್ರಿಟನಿಯ ಆನ್‌ಳನ್ನು ಕೈಹಿಡಿದ. ಹುಡುಗಿಯನ್ನು ಹಿಂದಕ್ಕೆ ಕಳಿಸಿದ ಮೇಲೆ ವರದಕ್ಷಿಣೆಯನ್ನು ಇಟ್ಟುಕೊಳ್ಳುವಂತಿರಲಿಲ್ಲ, 1493ರ ಸಾಂಲಿಸ್ ಒಪ್ಪಂದದಲ್ಲಿ ಆರ್ತ್ವಾ ಹ್ಯಾಬ್ಸ್‌ಬರ್ಗರಿಗೆ ಮರಳಿತು. 1529ರ ಕಾಂಬ್ರೆ ಒಪ್ಪಂದದಲ್ಲಿ ಅದರ ಮೇಲಿನ ಅಧಿರಾಜತ್ವವನ್ನೂ ಫ್ರಾನ್ಸ್ ಬಿಟ್ಟುಕೊಟ್ಟಿತು. ಫ್ರೆಂಚರು ಅರಾಸ್ ಅನ್ನು ಗೆದ್ದದ್ದು 1640ರಲ್ಲಿ, ಸೀಮೆಯ ಬಹುಪಾಲು ಒಪ್ಪಂದದ ಮೂಲಕ ಬಂದದ್ದು 1659ರಲ್ಲಿ, ಸೇಂತ್-ಒಮೆರ್ ಮತ್ತು ಏರ್ ಸೇರಿದ್ದು 1678ರಲ್ಲಿ.

ಪಟ್ಟಿಯ ಕೊನೆಯಲ್ಲಿ ಹದಿನೈದನೆಯ ಲೂಯಿಯ ಮೊಮ್ಮಗ, 1757ರಲ್ಲಿ ಹುಟ್ಟಿದ ಚಾರ್ಲ್ಸ್ ಫಿಲಿಪ್‌ನನ್ನು ಬರೆದುಕೊಳ್ಳಿ, ಆದರೆ ಬೇರೆ ಗೆರೆ ಹಾಕಿ ಬರೆಯಿರಿ. ಅವನಿಗೆ ಆರ್ತ್ವಾದ ಕೌಂಟ್ ಎಂಬುದು ಗೌರವದ ಹೆಸರಾಗಿತ್ತೇ ಹೊರತು ಆ ಸೀಮೆಯ ಒಡೆತನವಾಗಿರಲಿಲ್ಲ. ಅವನೇ 1824ರಿಂದ 1830ರವರೆಗೆ ಹತ್ತನೆಯ ಚಾರ್ಲ್ಸ್ ಎಂಬ ಹೆಸರಿನಲ್ಲಿ ಫ್ರಾನ್ಸನ್ನು ಆಳಿದವನು.